ಮೂವತ್ತಾರನೆಯ ಹಲ್ಲು

ನರಸಿಂಹರಾಜಪುರದ ಹಿಂಡಿ ಬೂಸಾ ಅಂಗಡಿ ರೇಣುಕಪ್ಪನ ಜೀಪು ಎಲ್ಲೆಲ್ಲಿ ಕೆಟ್ಟು ನಿಲ್ಲುತ್ತದೆ ಎಂಬುದು ನಮ್ಮೂರಿನವರಿಗೆ ಬಸ್ಸಿನ ವೇಳೆಗಿಂತ ಚೆನ್ನಾಗಿ ಗೊತ್ತಿತ್ತು. ಅದು ಅವನ ಅಪ್ಪನ ಕಾಲದ ಪೆಟ್ರೋಲ್ ಜೀಪು. ಕೊಪ್ಪದ ದಾರಿಯಲ್ಲಿ ಅದರ ಠಾವು ಒಂದು ಏರಿನ ತುದಿಯ ಧೂಪದ ಮರದ ಬುಡ. ಅಲ್ಲಿಗೆ ಬಂದದ್ದೇ ಎರಡು ಸಲ ಕೆಮ್ಮಿ, ಒಂದು ಸಲ ಸಿಡಿದು, ಸುಮ್ಮನಾಗಿಬಿಡುತ್ತಿತ್ತು. ರೇಣುಕಪ್ಪ ಇಳಿದು, ಬಾನೆಟ್ ಎತ್ತಿ, ಕಿಡಿ ಹಾರಿಸುವ ಪಾಯಿಂಟಿಗೆ ಪಾಲಿಶ್ ಪೇಪರ್ ತಿಕ್ಕಿ, ಎಂಜಿನ್ ತಣ್ಣಗಾಗುವ ತನಕ ಮರದ ಬೇರಿನ ಮೇಲೆ ಕೂರಬೇಕು. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ರೂಟಿನ ಬಸ್ ಡ್ರೈವರುಗಳು ಅವನನ್ನು ಕಂಡರೆ ಹಾರ್ನ್ ಹೊಡೆದು ಕೈ ಬೀಸಿ ಹೋಗುತ್ತಿದ್ದರು.

ನಾನು ಅವನ ಅಂಗಡಿಯ ಎದುರು ಮನೆಯವನು. ಮೂವತ್ತಮೂರು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ನಿವೃತ್ತನಾದ ಲೆಕ್ಕದ ಮೇಷ್ಟ್ರಿಗೆ ಎಣಿಸಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಅವನು ಊರಿಗೆ ಅಪಾಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದರಲ್ಲಿ ನನ್ನದೂ ಪಾಲಿದೆ.

ಎರಡು ಸಾವಿರದ ಆರನೇ ಇಸವಿ, ದೀಪಾವಳಿಗೆ ಇನ್ನು ಮೂರು ವಾರ ಇತ್ತು. ರೇಣುಕಪ್ಪನ ಒಬ್ಬಳೇ ಅಕ್ಕ ವೀರಬಸಮ್ಮನನ್ನು ಕೊಟ್ಟಿದ್ದು ಹರಿಹರಪುರಕ್ಕೆ. ಆಕೆಯ ಹೃದಯ ಸೋತಿದೆ, ಇನ್ನು ಮನಸ್ಸಿಗೆ ಹಿತವಾದದ್ದು ಮಾಡಿಸಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮನಸ್ಸಿಗೆ ಹಿತ ಯಾವುದು ಎಂದು ಕೇಳಿದರೆ ಆಕೆ, ಹಬ್ಬಕ್ಕೆ ಒಂದು ಸಲ ತವರಿಗೆ ಹೋಗಬೇಕು ಎಂದಳಂತೆ. ಮಗ ನಾಗಪ್ಪ ಕಾರು ತೆಗೆದು ನಿಂತ. ಆಕೆ ಒಪ್ಪಲಿಲ್ಲ. ತಮ್ಮನೇ ಬರಬೇಕು, ತಮ್ಮನ ಜೀಪೇ ಬರಬೇಕು ಎಂದು ಹಟ ಹಿಡಿದಳು.

ಈ ಸುದ್ದಿ ಕೇಳಿದ ರೇಣುಕಪ್ಪ ಬೂಸಾ ಚೀಲದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತ.

"ಅಕ್ಕ ಕಾರು ಬ್ಯಾಡ ಅಂದ್ಲು ಮೇಷ್ಟ್ರೇ. ನಮ್ ಜೀಪಿನ ಗತ್ತು ಅಂತದ್ದು."

"ಗತ್ತು ಸರಿ ಮಾರಾಯ. ಧೂಪದ ಮರದ ಹತ್ರ ನಿಂತ್ರೆ?"

ಅವನ ಕಾಲು ತಾನಾಗಿ ಕೆಳಗಿಳಿಯಿತು. ಉಸಿರು ಕಟ್ಟುವ ಹೆಂಗಸನ್ನು ಕೂರಿಸಿಕೊಂಡು ನಡುದಾರಿಯಲ್ಲಿ ಅರ್ಧ ಗಂಟೆ! ಅವನಿಗೆ ಅವತ್ತು ಊಟ ಸೇರಲಿಲ್ಲ ಎಂದು ಅವನ ಹೆಂಡತಿ ಕಮಲ ಆಮೇಲೆ ಹೇಳಿದಳು.

ಇದಕ್ಕೆ ಪರಿಹಾರ ತಂದವನು ಕಮಲನ ಅಣ್ಣನ ಮಗ ಪ್ರಸನ್ನಕುಮಾರ್. ಭದ್ರಾವತಿ ಕಡೆ ಒಂದು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಎಂಜಿನ್ ಬಿಚ್ಚಿ ಜೋಡಿಸುವುದನ್ನು ಹೇಳಿಕೊಡುತ್ತಿದ್ದ. ತುಂಬ ಮರ್ಯಾದಸ್ಥ, ಯಾರಿಗೂ ಎದುರು ಮಾತಾಡದವನು.

"ಮಾವ, ಆ ಪಾಯಿಂಟು ಕಿತ್ತು ಬಿಸಾಕಣ," ಎಂದ. "ಎಂಜಿನ್ ಮುಂದಿನ ಪುಲ್ಲಿಗೆ ಒಂದು ಹಲ್ಲಿನ ಚಕ್ರ ಕೂರಿಸದು. ಪಕ್ಕದಲ್ಲಿ ಒಂದು ಸೆನ್ಸರ್. ಪುಲ್ಲಿ ತಿರುಗಿದಂಗೆ ಹಲ್ಲು ಒಂದೊಂದೇ ಅದರ ಮುಂದೆ ಹಾದು ಹೋಗ್ತದೆ. ಸೆನ್ಸರ್ ಎಣಿಸಿ ಒಂದು ಪೆಟ್ಟಿಗೆಗೆ ಹೇಳ್ತದೆ. ಪೆಟ್ಟಿಗೆ ಸರಿಯಾದ ಹೊತ್ತಿಗೆ ಕಿಡಿ ಕೊಡ್ತದೆ. ಆಮೇಲೆ ಎಲ್ಲೂ ನಿಲ್ಲಲ್ಲ."

"ಎಲ್ಲೂ ನಿಲ್ಲಲ್ವಾ?"

"ಎಲ್ಲೂ ನಿಲ್ಲಲ್ಲ ಮಾವ. ಆದ್ರೆ ಆ ಹಲ್ಲಿನ ವಿಷಯದಲ್ಲಿ ಒಂದು ಮುಖ್ಯವಾದ್ದು ಇದೆ, ಅದೇನಂದ್ರೆ..."

ಅಷ್ಟರಲ್ಲಿ ಕಮಲ ಕಡುಬು ಆರಿಹೋಗುತ್ತದೆ ಎಂದು ಒಳಗಿಂದ ಕೂಗಿದಳು. ನೆಂಟರ ಮನೆಯಲ್ಲಿ ಕಡುಬು ಆರಲು ಬಿಡುವುದು ಪ್ರಸನ್ನಕುಮಾರನ ಮರ್ಯಾದೆಗೆ ಒಗ್ಗದ ಮಾತು. ಮುಖ್ಯವಾದದ್ದು ಅಲ್ಲಿಗೇ ನಿಂತಿತು.

ರೇಣುಕಪ್ಪ ಮಾರನೇ ದಿನದಿಂದ ಕಂಡ ಕಂಡವರಿಗೆಲ್ಲ ಜೀಪಿಗೆ ಕಂಪ್ಯೂಟರ್ ಹಾಕಿಸುತ್ತಿದ್ದೇನೆ ಎಂದು ಸಾರಿಕೊಂಡು ಬಂದ. ಊರು ಈ ಸುದ್ದಿಯನ್ನು ತಕ್ಕ ಗಾಂಭೀರ್ಯದಿಂದಲೇ ಸ್ವೀಕರಿಸಿತು. ಪೊಲೀಸಿನವರೊಬ್ಬರು ಬಂದು, ಇದನ್ನು ಆರ್.ಸಿ. ಪುಸ್ತಕದಲ್ಲಿ ಬರೆಸಬೇಕಾಗುತ್ತದೆಯೋ ಏನೋ, ನನಗೂ ಗೊತ್ತಿಲ್ಲ, ಎಚ್ಚರಿಕೆಯಿಂದಿರಿ ಎಂದು ಹೇಳಿ ಹೋದರು. ಹಳ್ಳಿಯಿಂದ ಹಿಂಡಿ ಕೊಳ್ಳಲು ಬಂದ ಒಬ್ಬ ಮುದುಕ ಜೀಪಿನ ಸುತ್ತ ಎರಡು ಸುತ್ತು ಬಂದು, "ಇದ್ರಲ್ಲಿ ಪಹಣಿ ಬರ್ತದಾ? ತಾಲ್ಲೂಕಾಫೀಸಲ್ಲಿ ಭಾರಿ ರಶ್ಶು," ಎಂದು ಕೇಳಿದ. ಹೋಟೆಲಿನ ವೆಂಕಮ್ಮ ಮಾತ್ರ, "ಎಣಿಸದಕ್ಕೆ ಸೆನ್ಸರ್ ಯಾಕೆ? ನಮ್ ಮೇಷ್ಟ್ರನ್ನೇ ಬಾನೆಟ್ ಒಳಗೆ ಕೂರಿಸಿದ್ರೆ ಆಗ್ತಿತ್ತಲ್ಲ," ಎಂದಳು. ಇಡೀ ಹೋಟೆಲು ನಕ್ಕಿತು. ನಾನು ಕಾಫಿ ಪೂರ್ತಿ ಕುಡಿಯದೆ ಎದ್ದು ಬಂದೆ.

ಶನಿವಾರ ಪ್ರಸನ್ನಕುಮಾರ್ ಚಕ್ರ ತಂದ. ಅಂಗೈಗಿಂತ ಸ್ವಲ್ಪ ದೊಡ್ಡ ಕಬ್ಬಿಣದ ತಟ್ಟೆ, ಸುತ್ತಲೂ ಸಣ್ಣ ಸಣ್ಣ ಹಲ್ಲು. ರೇಡಿಯೇಟರ್ ಇಳಿಸಿ, ಫ್ಯಾನ್ ಬೆಲ್ಟ್ ಕಳಚಿ, ಪುಲ್ಲಿಯ ಮುಖಕ್ಕೆ ಅದನ್ನು ನಡು ತಪ್ಪದಂತೆ ಕೂರಿಸಿ ಬೋಲ್ಟ್ ಬಿಗಿದ. ಪಕ್ಕದಲ್ಲಿ ಒಂದು ಪಟ್ಟಿ ಕೊಟ್ಟು ಸೆನ್ಸರ್ ನಿಲ್ಲಿಸಿದ. ಆಮೇಲೆ ಜೇಬು ತಡಕಿ ನಾಲಿಗೆ ಕಚ್ಚಿಕೊಂಡ.

"ಗೇಜು ಮರೆತು ಬಂದೆ ಮಾವ. ಹಲ್ಲಿಗೂ ಸೆನ್ಸರಿಗೂ ಮಧ್ಯ ಒಂದು ಮಿಲಿಮೀಟರ್ ಸಂದು ಇರ್ಬೇಕು. ಒಂದು ಪೋಸ್ಟ್ ಕಾರ್ಡ್ ಇದ್ರೆ ಕೊಡಿ, ನಾಲ್ಕು ಮಡಿಕೆ ಮಾಡಿದ್ರೆ ಹೆಚ್ಚುಕಮ್ಮಿ ಅಷ್ಟೇ ದಪ್ಪ."

ಪೋಸ್ಟ್ ಕಾರ್ಡು ಸಿಗಲು ಎರಡು ನಿಮಿಷವೂ ಬೇಕಾಗಲಿಲ್ಲ. ಆಗ ತಾನೇ ಪೋಸ್ಟ್‌ಮ್ಯಾನ್ ಒಂದನ್ನು ಕೊಟ್ಟು ಹೋಗಿದ್ದ. ವೀರಬಸಮ್ಮನದು. ಆಕೆಗೆ ಕಿವಿ ಮಂದ, ಫೋನು ಆಗದು. ಹೇಳುವುದಿದ್ದರೆಲ್ಲ ಕಾರ್ಡಿನಲ್ಲೇ ಬರೆಯುವುದು ಅಭ್ಯಾಸ. ರೇಣುಕಪ್ಪ ಮೊದಲ ಎರಡು ಸಾಲು ಗಟ್ಟಿಯಾಗಿ ಓದಿದ: "ಚಿರಂಜೀವಿ ರೇಣುಕನಿಗೆ ಅಕ್ಕನ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ."

"ಎಲ್ಲ ಕ್ಷೇಮವಂತೆ," ಎಂದು ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಪ್ರಸನ್ನಕುಮಾರನ ಕೈಗೆ ಕೊಟ್ಟ.

"ಪೂರ್ತಿ ಓದ್ಬಾರ್ದಾ?" ಎಂದಳು ಕಮಲ.

"ಅಕ್ಕನ ಕಾರ್ಡು ಯಾವತ್ತೂ ಒಂದೇ ತರ ಕಣೆ. ಆಮೇಲೆ ಓದಿದ್ರಾಯ್ತು."

ಕಾರ್ಡು ಸಂದಿನಲ್ಲಿ ಅಳತೆ ತೆಗೆದಂತೆ ಕೂತಿತು. ಪೆಟ್ಟಿಗೆ ಬೆಂಗಳೂರಿನಿಂದ ಇನ್ನೂ ಬಂದಿಲ್ಲ, ಮುಂದಿನ ಶನಿವಾರ ತರುತ್ತೇನೆ, ಅಲ್ಲಿಯವರೆಗೆ ದಿನಾ ಒಮ್ಮೆ ಈ ಕಾರ್ಡು ತೂರಿಸಿ ಸಂದು ಸರಿಯಿದೆಯೇ ನೋಡಿಕೊಳ್ಳಿ ಎಂದು ಹೇಳಿ ಪ್ರಸನ್ನಕುಮಾರ್ ಬಸ್ಸು ಹತ್ತಿದ. ರೇಣುಕಪ್ಪ ಕಾರ್ಡನ್ನು ಅಂಗಿ ಜೇಬಿನಲ್ಲಿ ಜೋಪಾನ ಮಾಡಿದ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಆದಮೇಲೆ ಹಣೆಯ ವಿಭೂತಿ ಆರುವ ಮೊದಲೇ ಬಂದು ಕಾರ್ಡು ತೂರಿಸಿ ನೋಡುವನು. ಬಿಚ್ಚಿ ಓದಲಿಲ್ಲ. ಬಿಚ್ಚಿದರೆ ಮಡಿಕೆ ಸಡಿಲಾಗಿ ಅಳತೆ ಕೆಡುತ್ತದೆ ಎಂದು ಅವನ ಹೆದರಿಕೆ.

ಸೋಮವಾರ ನಾನು ಆ ಚಕ್ರದ ಹಲ್ಲು ಎಣಿಸಿದೆ.

ಯಾರೂ ಎಣಿಸಿ ಎಂದಿರಲಿಲ್ಲ. ವೆಂಕಮ್ಮನ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು, ಅಷ್ಟೆ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಶುರು ಮಾಡಿದೆ. ಪಕ್ಕದಲ್ಲಿ ರೇಣುಕಪ್ಪನೂ, ವೆಲ್ಡಿಂಗ್ ಅಂಗಡಿಯ ಭೈರಪ್ಪನೂ ಕುಕ್ಕರಗಾಲಿನಲ್ಲಿ ಕೂತಿದ್ದರು. ಮೂವತ್ತೈದು ಬಂತು. ಒಂದು ಕಡೆ ಹಲ್ಲೇ ಇಲ್ಲದೆ ಬೋಳಾಗಿತ್ತು.

"ಒಂದು ಹಲ್ಲು ಇಲ್ಲ," ಎಂದೆ.

"ಮುರಿದಿರ್ಬೇಕು," ಎಂದ ಭೈರಪ್ಪ.

"ಮುರಿದದ್ದಲ್ಲ, ಮಾಡುವಾಗಲೇ ತಪ್ಪಿದ್ದು. ನೋಡಿ, ಒಂದು ಸುತ್ತಿಗೆ ಮುನ್ನೂರ ಅರವತ್ತು ಡಿಗ್ರಿ. ಮೂವತ್ತಾರರಿಂದ ಭಾಗಿಸಿದ್ರೆ ಸರಿಯಾಗಿ ಹತ್ತು. ಮೂವತ್ತೈದರಿಂದ ಭಾಗಿಸಿದ್ರೆ ಹತ್ತು ಶೇಷ ಉಳೀತದೆ. ಶೇಷ ಉಳಿಯೋ ಚಕ್ರ ಯಾರಾದ್ರೂ ಮಾಡ್ತಾರಾ?"

ಗಣಿತಕ್ಕೆ ಎದುರು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ರೇಣುಕಪ್ಪನ ಮುಖ ಸಣ್ಣಗಾಯಿತು. ಅವನ ಚಿಂತೆ ಚಕ್ರದ್ದಲ್ಲ, ಪ್ರಸನ್ನಕುಮಾರನದು.

"ಪಾಪ, ಕಮಲನ ತವರಿನ ಹುಡುಗ. ಹುಳುಕು ಮಾಲು ತಂದೆ ಅಂತ ಗೊತ್ತಾದ್ರೆ ಎಷ್ಟು ನಾಚ್ಕೆ ಪಡ್ತಾನೆ. ಅವ್ನಿಗೆ ಹೇಳದು ಬ್ಯಾಡ. ಭೈರಪ್ಪ, ಗುಟ್ಟಾಗಿ ಒಂದು ಹಲ್ಲು ಕೂರಿಸಕ್ಕಾಗ್ತದಾ?"

"ಕೂರಿಸಿದ್ದು ಯಾವ್ದು ಅಂತ ಅವ್ರಿಗಲ್ಲ, ಅವ್ರಪ್ಪಂಗೂ ಗೊತ್ತಾಗ್ಬಾರ್ದು, ಹಂಗೆ ಮಾಡ್ತೀನಿ ರೇಣುಕಣ್ಣ," ಎಂದ ಭೈರಪ್ಪ.

ಗೇಟು, ಗ್ರಿಲ್ಲು ಬಿಟ್ಟು ಬೇರೆ ಕೆಲಸ ಮಾಡದ ಭೈರಪ್ಪ ಆ ಒಂದು ಹಲ್ಲಿಗೆ ಇಡೀ ಮಧ್ಯಾಹ್ನ ಕೊಟ್ಟ. ಚಕ್ರ ಬಿಚ್ಚಿ ವೆಲ್ಡ್ ಮಾಡಿ, ಅರ ಹಾಕಿ ಉಜ್ಜಿ, ಕರಿ ಬಣ್ಣ ಬಳಿದು, ಇದ್ದ ಹಾಗೆಯೇ ಬಿಗಿದ. ನಾನು ಮತ್ತೆ ಗುರುತು ಹಾಕಿ ಎಣಿಸಿದೆ. ಮೂವತ್ತಾರು. ಯಾವುದು ಹೊಸ ಹಲ್ಲು ಎಂದು ನನಗೇ ತಿಳಿಯಲಿಲ್ಲ. ಮೂವರೂ ಹೋಗಿ ವೆಂಕಮ್ಮನಲ್ಲಿ ಕಾಫಿ ಕುಡಿದೆವು. ಒಂದು ಒಳ್ಳೆಯ ಕೆಲಸ ಮಾಡಿ ಅದನ್ನು ಹೇಳಿಕೊಳ್ಳದೆ ಇರುವುದು ಎಷ್ಟು ಸುಖ ಎಂದು ನನಗೆ ಅವತ್ತು ಅನ್ನಿಸಿತು. ನೆನೆಸಿಕೊಂಡರೆ ಈಗಲೂ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.

ಶನಿವಾರ ಪೆಟ್ಟಿಗೆ ಬಂತು. ಅರ್ಧ ಊರು ನೆರೆದಿತ್ತು. ರೇಣುಕಪ್ಪ ಊದಿನಕಡ್ಡಿ ಬೆಳಗಿ, ತೆಂಗಿನಕಾಯಿ ಒಡೆದು, ಸೆಲ್ಫ್ ಹೊಡೆದ. ಎಂಜಿನ್ ಗರ ಗರ ತಿರುಗಿತು, ಹೊತ್ತಿಕೊಳ್ಳಲಿಲ್ಲ. ಮತ್ತೆ ಹೊಡೆದ. ಬ್ಯಾಟರಿ ಸೋಲುವ ತನಕ ಹೊಡೆದ. ಆಮೇಲೆ ಜನ ಸೇರಿ ಜೀಪನ್ನು ಬಸ್ ಸ್ಟ್ಯಾಂಡಿನವರೆಗೂ ತಳ್ಳಿದರು, ಅಲ್ಲಿಂದ ವಾಪಸ್ಸೂ ತಳ್ಳಿದರು. ಪ್ರಸನ್ನಕುಮಾರ್ ಬೆವರಿನಲ್ಲಿ ತೊಯ್ದು ವೈರು ವೈರು ಮುಟ್ಟಿ ನೋಡಿದ. ನಾವು ಮೂವರೂ ಅವನನ್ನು ತುಂಬು ಕನಿಕರದಿಂದ ನೋಡುತ್ತಿದ್ದೆವು.

"ಪೆಟ್ಟಿಗೇನೇ ಕೆಟ್ಟಿರ್ಬೇಕು ಮಾವ. ಬದಲಾಯಿಸಿ ಬುಧವಾರ ತರ್ತೀನಿ," ಎಂದ ಪಾಪ.

"ನೀ ಬೇಜಾರು ಮಾಡ್ಕಬ್ಯಾಡ. ಚಕ್ರ ಒಂದು ಚೆನ್ನಾಗಿದೆ," ಎಂದು ರೇಣುಕಪ್ಪ ಸಮಾಧಾನ ಹೇಳಿದ.

ಅವತ್ತು ಸಂಜೆ ನಾಗಪ್ಪನ ಫೋನು ಬಂತು. ನಾನು ಅಂಗಡಿಯಲ್ಲೇ ಇದ್ದೆ. ಅವನ ದನಿ ಹೊರಗೆ ಕೇಳುವಷ್ಟು ಜೋರಾಗಿತ್ತು.

"ಮಾವ, ಅಮ್ಮ ದಿನಾ ಕೇಳ್ತಾಳೆ. ಉಸಿರಾಟ ಚೂರೂ ಸರಿ ಇಲ್ಲ. ಜೀಪು ಆಮೇಲಾಗ್ಲಿ, ನೀವು ಬಸ್ಸಲ್ಲಾದ್ರೂ ಒಂದ್ಸಲ ಬಂದು ಮುಖ ತೋರ್ಸಿ ಹೋಗಿ."

"ಬಸ್ಸಲ್ಲಿ ಬಂದ್ರೆ ಅಕ್ಕ ಎಂತ ತಿಳ್ಕತಾಳೆ? ಬಾಯಿ ಬಿಟ್ಟು ಜೀಪು ಕೇಳಿದಾಳೆ. ಬುಧವಾರ ಬರ್ತೀನಿ. ಎಲ್ಲೂ ನಿಲ್ಲದೆ ಬರ್ತೀನಿ ಅಂತ ಹೇಳು, ನಾಗಪ್ಪ. ಎಲ್ಲೂ ನಿಲ್ಲದೆ!"

ಫೋನು ಇಟ್ಟಮೇಲೆ ಕಮಲ, "ಬಸ್ಸಲ್ಲೇ ಹೋಗಿ ಬನ್ನಿ ಅಂತೀನಿ," ಎಂದಳು. ನಾನೂ ಹಾಗೆಯೇ ಹೇಳಬಹುದಿತ್ತು. ಹೇಳಲಿಲ್ಲ. ಬುಧವಾರ ಎಷ್ಟು ಹೊತ್ತಿಗೆ ಹೊರಟರೆ ಎಷ್ಟು ಹೊತ್ತಿಗೆ ತಲುಪಬಹುದು ಎಂದು ಲೆಕ್ಕ ಹಾಕಿ ಕೊಟ್ಟೆ.

ಬುಧವಾರ ಎರಡನೆಯ ಪೆಟ್ಟಿಗೆಯೂ ಕಿಡಿ ಕೊಡಲಿಲ್ಲ. ಪ್ರಸನ್ನಕುಮಾರ್ ಜೀಪಿನ ಮುಂದೆ ನೆಲದ ಮೇಲೆಯೇ ಕೂತುಬಿಟ್ಟ. ಕೂತವನ ಕಣ್ಣು ನನ್ನ ಸೀಮೆಸುಣ್ಣದ ಗುರುತಿನ ಮೇಲೆ ಬಿತ್ತು. ಪುಲ್ಲಿಯನ್ನು ಕೈಯಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿಸಿದ. ಇನ್ನೊಂದು ಸುತ್ತು ತಿರುಗಿಸಿದ.

"ಮಾವ, ಇದ್ರಲ್ಲಿ ಒಂದು ಹಲ್ಲು ಇರ್ಲಿಲ್ಲ."

ನಾವು ಮೂವರೂ ಮೂರು ದಿಕ್ಕು ನೋಡಿದೆವು. ಕೊನೆಗೆ ಭೈರಪ್ಪ ನಾಚಿಕೊಂಡು, "ನಾನೇ ಕೂರಿಸ್ದೆ," ಎಂದ.

"ಅಯ್ಯೋ, ಅದು ಬೇಕಂತಲೇ ಬಿಟ್ಟಿದ್ದು! ಆ ಖಾಲಿ ಜಾಗ ಬಂದಾಗಲೇ ಸೆನ್ಸರಿಗೆ ಒಂದು ಸುತ್ತು ಆಯ್ತು ಅಂತ ಗೊತ್ತಾಗದು. ಎಲ್ಲಾ ಹಲ್ಲೂ ಒಂದೇ ತರ ಇದ್ರೆ ಅದು ಎಲ್ಲಿಂದ ಎಣಿಸ್ಬೇಕು?"

ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎಲ್ಲಿಂದ ಎಣಿಸಬೇಕು ಎಂಬ ಪ್ರಶ್ನೆಯನ್ನು ಮೂವತ್ತಮೂರು ವರ್ಷದಲ್ಲಿ ನಾನು ಯಾವ ಹುಡುಗನಿಗೂ ಕೇಳಿರಲಿಲ್ಲ. ನನಗೂ ಯಾರೂ ಕೇಳಿರಲಿಲ್ಲ.

ಪ್ರಸನ್ನಕುಮಾರನಿಗೂ ಹೊಸ ಹಲ್ಲು ಯಾವುದೆಂದು ಗೊತ್ತಾಗಲಿಲ್ಲ. ಭೈರಪ್ಪ ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಒಂದೊಂದೇ ಹಲ್ಲು ಸವರುತ್ತ ಬಂದು ಒಂದರ ಮೇಲೆ ನಿಂತ. ಪ್ರಸನ್ನಕುಮಾರ್ ಪುಲ್ಲಿಯಲ್ಲಿ ಮೊದಲಿಂದಲೇ ಕೊರೆದಿದ್ದ ಗುರುತಿನಿಂದ ಲೆಕ್ಕ ಹಾಕಿ ಅದೇ ಎಂದ. ಇಡೀ ಮಧ್ಯಾಹ್ನ ಕೂತು ಮಾಡಿದ ಹಲ್ಲನ್ನು ಭೈರಪ್ಪ ತಾನೇ ಗರಗಸದಲ್ಲಿ ಕೊಯ್ದ. ರೇಣುಕಪ್ಪ ಜೇಬಿನಿಂದ ಕಾರ್ಡು ತೆಗೆದು ಸಂದು ನೋಡಿ, ಜೀಪು ಹತ್ತಿ ಸೆಲ್ಫ್ ಹೊಡೆದ.

ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು. ಕೆಮ್ಮಿಲ್ಲ, ಸಿಡಿತವಿಲ್ಲ, ಹೊಲಿಗೆ ಯಂತ್ರದ ಹಾಗೆ ಓಡತೊಡಗಿತು. ಜನ ಚಪ್ಪಾಳೆ ತಟ್ಟಿದರು. ವೆಂಕಮ್ಮ ಹೋಟೆಲು ಬಿಟ್ಟು ಓಡಿ ಬಂದಳು. ಆ ಗದ್ದಲದಲ್ಲಿ ಅಂಗಡಿಯ ಬಾಗಿಲಲ್ಲಿ ಕಮಲ ಫೋನು ಹಿಡಿದುಕೊಂಡು ಏನೋ ಕೂಗುತ್ತಿದ್ದಳು. ಯಾರಿಗೂ ಕೇಳಿಸಲಿಲ್ಲ.

"ಹರಿಹರಪುರದಿಂದಾ?" ಎಂದು ರೇಣುಕಪ್ಪ ಸೀಟಿನಿಂದಲೇ ಕಿರುಚಿದ. "ಹೊರಟೆ ಅಂತ ಹೇಳು ಅಕ್ಕಂಗೆ! ಫೋನು ಈ ಕಡೆ ಹಿಡಿ, ನಾಗಪ್ಪಂಗೆ ಸದ್ದು ಕೇಳ್ಸು!"

ಕಮಲ ಫೋನು ಹಿಡಿಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಿಂತಲ್ಲೇ ಕುಸಿದಳು. ಚಪ್ಪಾಳೆ ಒಂದೊಂದಾಗಿ ನಿಂತಿತು. ಎಂಜಿನ್ ಮಾತ್ರ ಓಡುತ್ತಲೇ ಇತ್ತು.

ತವರಿನ ಸೀರೆ ಬರದೆ ಹೆಣ್ಣುಮಗಳನ್ನು ಮಣ್ಣಿಗೆ ಒಯ್ಯುವಂತಿಲ್ಲ. ದೀಪಾವಳಿಗೆಂದು ರೇಣುಕಪ್ಪ ಅಕ್ಕನಿಗೆ ಒಂದು ನೀಲಿ ಅಂಚಿನ ಸೀರೆ ತಂದಿಟ್ಟಿದ್ದ. ಅದನ್ನೇ ತಟ್ಟೆಯಲ್ಲಿಟ್ಟುಕೊಂಡು ಕಮಲ ಹಿಂದೆ ಕೂತಳು, ಅವಳ ಪಕ್ಕ ನಾನು. ಮುಂದಿನ ಸೀಟಿನಲ್ಲಿ ಭೈರಪ್ಪ. ಪ್ರಸನ್ನಕುಮಾರ್ ಅಂಗಡಿ ನೋಡಿಕೊಳ್ಳಲು ಉಳಿದ. ಧೂಪದ ಮರದ ಏರು ಬಂದಾಗ ನಾವೆಲ್ಲ ರೂಢಿಯಂತೆ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆವು. ಜೀಪು ಏರು ಹತ್ತಿ, ಮರ ದಾಟಿ, ಹೋಗಿಯೇ ಬಿಟ್ಟಿತು. ರೇಣುಕಪ್ಪ ಮರದ ಕಡೆ ತಿರುಗಿಯೂ ನೋಡಲಿಲ್ಲ.

ಹರಿಹರಪುರದಲ್ಲಿ ಇನ್ನೂ ಏನೂ ಸಿದ್ಧವಾಗಿರಲಿಲ್ಲ. ರೇಣುಕಪ್ಪನ ಜೀಪು ಎಂದ ಮೇಲೆ ಒಂದು ಗಂಟೆ ತಡ ಎಂದು ಹಿಡಿದುಕೊಂಡು, ಕ್ರಿಯೆ ನಡೆಸುವ ಅಯ್ಯನವರಿಗೂ ತಡವಾಗಿಯೇ ಬರಲು ಹೇಳಿದ್ದರು. ಅಂಗಳದಲ್ಲಿದ್ದ ಮುದುಕಿಯೊಬ್ಬಳು ಅವನನ್ನು ಕಂಡು ಬೆರಗಾಗಿ, "ಇವತ್ತು ಇಷ್ಟು ಬೇಗ ಬಂದ್ಯೇನೋ ರೇಣುಕಾ?" ಎಂದಳು. ಆಕೆ ಕುಹಕ ಆಡಿದ್ದಲ್ಲ, ನಿಜವಾಗಿಯೇ ಕೇಳಿದ್ದು. ರೇಣುಕಪ್ಪ ಒಳಗೆ ಹೋದ. ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕನ ಎದುರಿಗೆ ಒಂದು ಗಂಟೆ ಕೂತ. ಅಳಬೇಕೆಂಬುದೂ ಅವನಿಗೆ ಹೊಳೆದಂತೆ ಕಾಣಲಿಲ್ಲ.

ಮಣ್ಣು ಮುಗಿಸಿ, ಸ್ನಾನ ಮಾಡಿ, ಹೊರಡುವಾಗ ಬಿಸಿಲು ಇಳಿದಿತ್ತು. ಹನ್ನೊಂದು ದಿನದ ಅಭ್ಯಾಸ, ರೇಣುಕಪ್ಪ ಬಾನೆಟ್ ಎತ್ತಿ ಸಂದು ನೋಡಲು ಕಾರ್ಡು ತೆಗೆದ. ಬೆವರು, ಎಣ್ಣೆ ಕುಡಿದಿದ್ದ ಕಾರ್ಡು ಮಡಿಕೆಯಲ್ಲಿ ಹರಿದು ಕೈಯಲ್ಲೇ ಬಿಚ್ಚಿಕೊಂಡಿತು. ಅವನು ಅದನ್ನು ನೋಡುತ್ತ ನಿಂತ. ಆಮೇಲೆ ನನ್ನ ಕಡೆ ಚಾಚಿದ.

"ಕನ್ನಡಕ ತಂದಿಲ್ಲ ಮೇಷ್ಟ್ರೇ. ಎಂತ ಬರ್ದಿದಾಳೆ ಓದಿ."

ಆಶೀರ್ವಾದ, ಕ್ಷೇಮ ದಾಟಿ ನಾನು ಮುಂದಿನದು ಓದಿದೆ.

"ಪ್ರಸನ್ನ ಜೀಪು ರಿಪೇರಿ ಮಾಡುತ್ತಾನೆಂದು ನಾಗಪ್ಪ ಹೇಳಿದ. ಬೇಡ ಕಣೋ. ಅದು ಇದ್ದ ಹಾಗೆ ತೆಗೆದುಕೊಂಡು ಬಾ. ನನ್ನ ಮದುವೆಯಾಗಿ ಇಲ್ಲಿಗೆ ಕರೆದುಕೊಂಡು ಬರುವಾಗಲೂ ಧೂಪದ ಮರದ ಹತ್ತಿರ ಕೆಟ್ಟಿತ್ತು, ನೀನು ಬೇರಿನ ಮೇಲೆ ಕೂತು ಅತ್ತಿದ್ದೆ. ಆಮೇಲೆ ನೀನು ನನ್ನ ಜೊತೆ ಕೂತು ಮಾತಾಡಿದ್ದೆಲ್ಲ ಜೀಪು ಅಲ್ಲಿ ಕೆಟ್ಟಾಗಲೇ. ಮನೆಯಲ್ಲಿ ನಿನಗೆ ಅಂಗಡಿ, ನನಗೆ ಒಲೆ. ನಿನಗೆ ಒಂದು ಮಾತು ಹೇಳುವುದಿದೆ. ಕಾರ್ಡಿನಲ್ಲಿ ಬರೆಯುವಂಥದ್ದಲ್ಲ. ಅಲ್ಲಿ ನಿಂತಾಗ ಹೇಳುತ್ತೇನೆ. ಬೇಗ ಬಾ."

ಪಕ್ಕದಲ್ಲಿ ನಿಂತಿದ್ದ ನಾಗಪ್ಪ ಮುಖ ಒರೆಸಿಕೊಂಡ. "ಎಲ್ಲೂ ನಿಲ್ಲದೆ ಬರ್ತೀನಿ ಅಂತ ನೀವು ಹೇಳಿದ್ದು ಅಮ್ಮಂಗೆ ಹೇಳ್ದೆ ಮಾವ. ಎಂತಕ್ಕೋ, ಮುಖ ಗೋಡೆ ಕಡೆ ತಿರುಗ್ಸ್ಕಂಡ್ಲು. ಖುಷಿಯಾಗ್ಬೋದು ಅಂತ ನಾನು ಗಟ್ಟಿಯಾಗಿ ಇನ್ನೊಂದ್ಸಲ ಹೇಳ್ದೆ."

ರೇಣುಕಪ್ಪ ಕಾರ್ಡಿನ ನಾಲ್ಕೂ ಚೂರನ್ನು ಜೋಡಿಸಿ ಜೇಬಿಗೆ ಹಾಕಿಕೊಂಡ. ಜೀಪು ಹತ್ತುವಾಗ ಭೈರಪ್ಪ ಮುಂದಿನ ಸೀಟಿಗೆ ಒಂದು ಕಾಲು ಇಟ್ಟಿದ್ದ. ಏನು ಅನ್ನಿಸಿತೋ, ಇಳಿದು ಹಿಂದೆ ಬಂದು ನನ್ನ ಪಕ್ಕ ಒತ್ತಿಕೊಂಡು ಕೂತ. ಕಮಲನೂ ಮುಂದೆ ಹೋಗಲಿಲ್ಲ. ಆ ಸೀಟು ಖಾಲಿಯೇ ಇತ್ತು.

ಜೀಪು ಹರಿಹರಪುರದಿಂದ ಕೊಪ್ಪಕ್ಕೆ, ಕೊಪ್ಪದಿಂದ ಮುಂದಕ್ಕೆ ಒಂದೇ ಸಮನೆ ಓಡಿತು. ಧೂಪದ ಮರ ಬಂತು. ಅದು ಕೆಮ್ಮಲಿಲ್ಲ. ಮರ ಇನ್ನೇನು ದಾಟಬೇಕು ಎನ್ನುವಾಗ ರೇಣುಕಪ್ಪ ಬ್ರೇಕ್ ಒತ್ತಿ ಕೀ ತಿರುಗಿಸಿ ಎಂಜಿನ್ ಆರಿಸಿದ. ಹಿಂದಿನಿಂದ ಬಂದ ಬಸ್ಸಿನ ಡ್ರೈವರ್ ನಗುತ್ತ ಹಾರ್ನ್ ಹೊಡೆದು ಕೈ ಬೀಸಿ ಹೋದ.

ರೇಣುಕಪ್ಪ ಇಳಿಯಲಿಲ್ಲ, ಬಾನೆಟ್ ಎತ್ತಲಿಲ್ಲ. ಸ್ಟೀರಿಂಗಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಪಕ್ಕದ ಖಾಲಿ ಸೀಟಿನ ಕಡೆ ತಿರುಗಿದ.

"ನಿಂತೆ ಕಣಕ್ಕ. ಹೇಳು," ಎಂದ.

ಅರ್ಧ ಗಂಟೆ ಕಾದ. ಕತ್ತಲಾಗುತ್ತ ಬಂದಾಗ ಅವನು ಮೂಗು ಒರೆಸಿಕೊಂಡು ಮುಂದಕ್ಕೆ ತಿರುಗಿದ. ಹಾಳು ಜೀಪು ಇದೊಂದು ಸಲವಾದರೂ ಹಟ ಮಾಡಲಪ್ಪ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಕೀ ತಿರುಗಿಸಿದ. ಒಂದೇ ಸಲಕ್ಕೆ ಎಂಜಿನ್ ಹಿಡಿಯಿತು.